ಟೈಮ್‌ಕೋಡ್ ಹೊಂದದಿದ್ದಾಗ ತಪ್ಪು ಎಲ್ಲಿ ಹುಡುಕಬೇಕು?

ಪ್ರಶ್ನೆ: ಒಂದೂವರೆ ಗಂಟೆಯ ಸಾಕ್ಷ್ಯಚಿತ್ರವೊಂದನ್ನು ಮೂರು ಕ್ಯಾಮೆರಾ ಮತ್ತು ಒಂದು ಪ್ರತ್ಯೇಕ ಸೌಂಡ್ ರೆಕಾರ್ಡರ್ ಬಳಸಿ, ಸೆಕೆಂಡಿಗೆ 23.976 ಫ್ರೇಮ್ ದರದಲ್ಲಿ ಚಿತ್ರೀಕರಿಸಿದ್ದೇವೆ. ನಾಲ್ಕಕ್ಕೂ ಟೈಮ್‌ಕೋಡ್ (ಪ್ರತಿ ಫ್ರೇಮ್‌ಗೂ ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್ ಎಂದು ಅಂಟಿಸುವ ಸಮಯದ ಗುರುತು) ಪೆಟ್ಟಿಗೆಗಳನ್ನು ಜೋಡಿಸಿ, ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ಎಲ್ಲವನ್ನೂ ಒಂದಕ್ಕೊಂದು ಸರಿಹೊಂದಿಸುತ್ತಿದ್ದೆವು. ಆದರೂ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಬೆಳಿಗ್ಗೆ ಹತ್ತರ ಧ್ವನಿ ಫೈಲ್ ಚಿತ್ರಕ್ಕಿಂತ 36 ಸೆಕೆಂಡ್ ಮುಂದಿನ ಟೈಮ್‌ಕೋಡ್ ತೋರಿಸುತ್ತದೆ. ಸಂಜೆ ಆರರ ಫೈಲ್‌ನಲ್ಲಿ ಅದು ಸುಮಾರು 65 ಸೆಕೆಂಡ್ ಆಗಿದೆ. ಮೂರನೆಯ, ಸಣ್ಣ ಕ್ಯಾಮೆರಾದ ಎಲ್ಲ ಕ್ಲಿಪ್‌ಗಳೂ 00:00:00:00ರಿಂದಲೇ ಆರಂಭವಾಗುತ್ತವೆ. ಹೇಗೋ ಕೈಯಿಂದ ಹೊಂದಿಸಿ ಸಂಕಲನ ಮುಗಿಸಿ ಕಳುಹಿಸಿದರೆ, ಚಿತ್ರದ ಕೊನೆಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬರುತ್ತಿದೆ ಎಂದು ಧ್ವನಿ ಮಿಶ್ರಣ ಮಾಡುವವರು ಹೇಳುತ್ತಿದ್ದಾರೆ. ವೃತ್ತಿಪರರಿಗೆಂದೇ ಮಾರುವ ಸಾಫ್ಟ್‌ವೇರ್ ಇಷ್ಟನ್ನೂ ಸರಿಯಾಗಿ ಮಾಡಲಾರದೇ? ನಾವು ಬೇರೆಯದಕ್ಕೆ ಹೋಗಬೇಕೇ?

ಉತ್ತರ: ನೀವು ಕೊಟ್ಟಿರುವ ಎರಡು ಅಂಕಿಗಳನ್ನು ಮೊದಲು ಭಾಗಿಸಿ ನೋಡೋಣ. ಹತ್ತು ಗಂಟೆಗೆ 36 ಸೆಕೆಂಡ್ ಎಂದರೆ ಗಂಟೆಗೆ 3.6 ಸೆಕೆಂಡ್. ಅದೇ ಲೆಕ್ಕದಲ್ಲಿ ಹದಿನೆಂಟು ಗಂಟೆಗೆ 64.8 ಸೆಕೆಂಡ್ ಬರಬೇಕು. ನಿಮಗೆ ಕಂಡಿರುವುದೂ ಅಷ್ಟೇ. ಅಂದರೆ ವ್ಯತ್ಯಾಸ ಬೆಳೆಯುತ್ತಿರುವುದು ನೀವು ಪೆಟ್ಟಿಗೆಗಳನ್ನು ಹೊಂದಿಸಿದ ಎಂಟು ಗಂಟೆಯಿಂದಲ್ಲ, ಮಧ್ಯರಾತ್ರಿಯಿಂದ. ಚಿತ್ರೀಕರಣದ ಸ್ಥಳದಲ್ಲಿ ರೆಕಾರ್ಡರ್‌ನ ದರವನ್ನೇ ತಪ್ಪಾಗಿ ಇಟ್ಟಿದ್ದರೆ, ಎಂಟು ಗಂಟೆಗೆ ಸೊನ್ನೆಯಾಗಿದ್ದ ವ್ಯತ್ಯಾಸ ಹತ್ತಕ್ಕೆ 7.2 ಸೆಕೆಂಡ್, ಸಂಜೆ ಆರಕ್ಕೆ 36 ಸೆಕೆಂಡ್ ಆಗಿರುತ್ತಿತ್ತು. ಮಧ್ಯರಾತ್ರಿಯಿಂದ ಲೆಕ್ಕ ಹಿಡಿದಂತೆ ಬೆಳೆಯುವ ವ್ಯತ್ಯಾಸವು ಬೇರೆಯದನ್ನೇ ಸೂಚಿಸುತ್ತದೆ: ರೆಕಾರ್ಡರ್ ಸರಿಯಾಗಿಯೇ ಬರೆದಿದೆ, ಸಾಫ್ಟ್‌ವೇರ್ ಅದನ್ನು ತಪ್ಪು ದರದಲ್ಲಿ ಓದುತ್ತಿದೆ. ಆದ್ದರಿಂದ ನಿಮ್ಮ ಮೂಲ ಸಾಮಗ್ರಿಗೆ ಯಾವ ಹಾನಿಯೂ ಆಗಿಲ್ಲ.

ಈ 3.6 ಸೆಕೆಂಡ್ ಎಲ್ಲಿಂದ ಬಂತು ಎಂಬುದನ್ನು ತಿಳಿದುಕೊಂಡರೆ ಮುಂದಿನ ಬಹುಪಾಲು ಗೋಜಲುಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. 1953ರಲ್ಲಿ ಅಮೆರಿಕದ ಎನ್‌ಟಿಎಸ್‌ಸಿ ಬಣ್ಣದ ಟೆಲಿವಿಷನ್ ಮಾನದಂಡವನ್ನು ರೂಪಿಸುವಾಗ, ಬಣ್ಣದ ಸಂಕೇತವೂ ಧ್ವನಿಯ ಸಂಕೇತವೂ ಒಂದಕ್ಕೊಂದು ಅಡ್ಡಬಂದು ಪರದೆಯ ಮೇಲೆ ಕಲೆ ಮೂಡದಿರಲೆಂದು, ಸೆಕೆಂಡಿಗೆ 30 ಎಂದಿದ್ದ ಫ್ರೇಮ್ ದರವನ್ನು 1001ರಲ್ಲಿ ಒಂದು ಪಾಲಿನಷ್ಟು ತಗ್ಗಿಸಲಾಯಿತು. ನಾವು 29.97 ಎಂದು ಬರೆಯುವ ದರ ವಾಸ್ತವದಲ್ಲಿ 30000ವನ್ನು 1001ರಿಂದ ಭಾಗಿಸಿದ ಸಂಖ್ಯೆ. 24 ಫ್ರೇಮ್‌ಗಳ ಸಿನಿಮಾ ದರವನ್ನು ಈ ಪ್ರಸಾರ ವ್ಯವಸ್ಥೆಗೆ ಹೊಂದಿಸಿದಾಗ ಹುಟ್ಟಿದ್ದೇ 23.976, ಅಂದರೆ 24000 ಭಾಗ 1001. ಟೈಮ್‌ಕೋಡ್ ಮಾತ್ರ 24 ಫ್ರೇಮ್ ಎಣಿಸಿದೊಡನೆ ಒಂದು ಸೆಕೆಂಡ್ ಆಯಿತೆಂದು ಬರೆದುಕೊಳ್ಳುತ್ತದೆ. ಆ ಫ್ರೇಮ್‌ಗಳು ಸ್ವಲ್ಪ ನಿಧಾನವಾಗಿ ಓಡುವುದರಿಂದ ಟೈಮ್‌ಕೋಡಿನ ಒಂದು ಗಂಟೆ ಮುಗಿಯಲು ಗಡಿಯಾರದಲ್ಲಿ 3603.6 ಸೆಕೆಂಡ್ ಹಿಡಿಯುತ್ತದೆ.

29.97ರಲ್ಲಿ ಈ ಅಂತರವನ್ನು ಮುಚ್ಚಲು ಡ್ರಾಪ್ ಫ್ರೇಮ್ ಎಂಬ ಉಪಾಯವಿದೆ. ಪ್ರತಿ ಹತ್ತನೆಯ ನಿಮಿಷವನ್ನು ಬಿಟ್ಟು ಉಳಿದ ಎಲ್ಲ ನಿಮಿಷಗಳ ಆರಂಭದಲ್ಲಿ 00 ಮತ್ತು 01 ಎಂಬ ಎರಡು ಸಂಖ್ಯೆಗಳನ್ನು ಎಣಿಕೆಯಲ್ಲಿ ಹಾರಿಸಲಾಗುತ್ತದೆ. ಗಂಟೆಗೆ 108 ಸಂಖ್ಯೆಗಳು ಹೀಗೆ ಬಿಟ್ಟುಹೋಗಿ ಟೈಮ್‌ಕೋಡ್ ಗಡಿಯಾರದ ಜೊತೆಗೇ ನಡೆಯುತ್ತದೆ. ಬಿಟ್ಟುಹೋಗುವುದು ಸಂಖ್ಯೆಗಳೇ ಹೊರತು ಚಿತ್ರದ ಒಂದು ಫ್ರೇಮೂ ಅಲ್ಲ. 23.976ಕ್ಕೆ ಮಾನದಂಡದಲ್ಲಿ ಇಂಥ ಏರ್ಪಾಡೇ ಇಲ್ಲ. ಆದಕಾರಣ ನಿಮ್ಮ ಪ್ರಾಜೆಕ್ಟ್‌ನಲ್ಲಿ ಡ್ರಾಪ್ ಫ್ರೇಮ್ ಆಯ್ಕೆಯನ್ನು ಹುಡುಕಬೇಡಿ, ಯಾರಾದರೂ ಅದನ್ನು ಪರಿಹಾರವೆಂದು ಸೂಚಿಸಿದರೂ ಒಪ್ಪಬೇಡಿ. ಇನ್ನೊಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ: ನಿಮ್ಮ ಸಹಾಯಕರು ಶಾಟ್‌ಗಳ ವಿವರವನ್ನು ಕೈಗಡಿಯಾರ ನೋಡಿಕೊಂಡು ಬರೆದಿದ್ದರೆ, ಸಂಜೆಯ ಹೊತ್ತಿಗೆ ಆ ಬರಹಕ್ಕೂ ಕ್ಯಾಮೆರಾದ ಟೈಮ್‌ಕೋಡಿಗೂ ಅರ್ಧ ನಿಮಿಷಕ್ಕಿಂತ ಹೆಚ್ಚಿನ ಅಂತರ ಸಹಜವಾಗಿಯೇ ಬಂದಿರುತ್ತದೆ. ಅದು ಯಾರ ತಪ್ಪೂ ಅಲ್ಲ.

ಈಗ ಧ್ವನಿ ಫೈಲ್‌ಗೆ ಬರೋಣ. ಚಿತ್ರದ ಫೈಲ್‌ನಲ್ಲಿ ಟೈಮ್‌ಕೋಡ್ ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್ ಎಂದೇ ಓದಿಕೊಳ್ಳಬಹುದಾದ ರೂಪದಲ್ಲಿರುತ್ತದೆ. ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ 1997ರಲ್ಲಿ ಪ್ರಕಟಿಸಿದ ಬ್ರಾಡ್‌ಕಾಸ್ಟ್ ವೇವ್ ಮಾದರಿಯ ಧ್ವನಿ ಫೈಲ್‌ನಲ್ಲಿ ಹಾಗಿಲ್ಲ. ಅದರಲ್ಲಿರುವುದು ಒಂದೇ ಒಂದು ದೊಡ್ಡ ಸಂಖ್ಯೆ: ಮಧ್ಯರಾತ್ರಿಯಿಂದ ಈ ಫೈಲ್ ಆರಂಭವಾಗುವವರೆಗೆ ಎಷ್ಟು ಸ್ಯಾಂಪಲ್‌ಗಳು (ಧ್ವನಿಯ ಕ್ಷಣಕ್ಷಣದ ಅಳತೆಗಳು) ಕಳೆದವು ಎಂಬುದು. ಫ್ರೇಮ್ ದರ ಎಷ್ಟು ಎಂಬ ಸುಳಿವು ಆ ಜಾಗದಲ್ಲಿ ಇಲ್ಲವೇ ಇಲ್ಲ. ಸೆಕೆಂಡಿಗೆ 48000 ಸ್ಯಾಂಪಲ್ ದಾಖಲಿಸುವ ರೆಕಾರ್ಡರ್ 23.976ರಲ್ಲಿದ್ದರೆ ಒಂದು ಫ್ರೇಮ್‌ಗೆ ಸರಿಯಾಗಿ 2002 ಸ್ಯಾಂಪಲ್ ಆಗುತ್ತವೆ. 10:00:00:00 ಎಂದರೆ 864000ನೆಯ ಫ್ರೇಮ್. ಆದ್ದರಿಂದ ನಿಮ್ಮ ಹತ್ತು ಗಂಟೆಯ ಫೈಲ್‌ನಲ್ಲಿ 1,72,97,28,000 ಎಂದು ಬರೆದಿರಬೇಕು. ಈ ಸಂಖ್ಯೆಯನ್ನು ಓದುವ ಸಾಫ್ಟ್‌ವೇರ್ 2002ರಿಂದ ಭಾಗಿಸಿದರೆ ಹತ್ತು ಗಂಟೆ ಸರಿಯಾಗಿ ಬರುತ್ತದೆ. ಅದರ ಬದಲು 48000ದಿಂದ ಭಾಗಿಸಿ ನೇರವಾಗಿ ಸೆಕೆಂಡ್ ಎಂದುಕೊಂಡರೆ 36036 ಸೆಕೆಂಡ್, ಅಂದರೆ 10:00:36:00 ಬರುತ್ತದೆ. ನಿಮಗೆ ಕಂಡಿರುವ 36 ಸೆಕೆಂಡ್ ಇದೇ.

ವ್ಯತ್ಯಾಸ ಯಾವ ದಿಕ್ಕಿನದು ಎಂಬುದನ್ನು ನೀವು ಬರೆದು ತಿಳಿಸಿದ್ದು ಒಳ್ಳೆಯದಾಯಿತು. ಹೆಚ್ಚಿನವರು ಅದನ್ನು ಹೇಳುವುದೇ ಇಲ್ಲ. ಧ್ವನಿಯ ಟೈಮ್‌ಕೋಡ್ ಚಿತ್ರಕ್ಕಿಂತ ಮುಂದಿದ್ದರೆ ಮೇಲೆ ಹೇಳಿದ ಕಥೆ. ಅದು ಹಿಂದಿದ್ದು, 09:59:24ರ ಆಸುಪಾಸಿನ ಅಂಕಿ ಕಂಡಿದ್ದರೆ ರೆಕಾರ್ಡರ್ 24, 25 ಅಥವಾ 30ರಂಥ ಪೂರ್ಣಾಂಕ ದರದಲ್ಲಿ ಬರೆದ ಸಂಖ್ಯೆಯನ್ನು ಸಾಫ್ಟ್‌ವೇರ್ 23.976 ಎಂದು ಓದುತ್ತಿದೆ ಎಂದರ್ಥವಾಗುತ್ತಿತ್ತು. ಎರಡು ಸಂದರ್ಭಗಳಲ್ಲಿ ಮಾಡಬೇಕಾದ ತಿದ್ದುಪಡಿ ಪರಸ್ಪರ ವಿರುದ್ಧ.

ದರವನ್ನು ಊಹಿಸಬೇಕಾದ ಅಗತ್ಯವೂ ಇಂದು ಇಲ್ಲ. ವೃತ್ತಿಪರ ರೆಕಾರ್ಡರ್‌ಗಳು ಅದೇ ಫೈಲ್‌ನೊಳಗೆ ಐಎಕ್ಸ್‌ಎಂಎಲ್ ಎಂಬ ಇನ್ನೊಂದು ಭಾಗವನ್ನೂ ಬರೆಯುತ್ತವೆ. ಅದರಲ್ಲಿ ಟೈಮ್‌ಕೋಡ್ ದರವು 24000/1001 ಎಂಬ ಭಿನ್ನರಾಶಿಯಾಗಿಯೇ ಇರುತ್ತದೆ, ಡ್ರಾಪ್ ಹೌದೇ ಅಲ್ಲವೇ ಎಂಬುದೂ ಇರುತ್ತದೆ. ಈ ಭಾಗವನ್ನು ಓದುವ ಸಾಫ್ಟ್‌ವೇರ್ ತಪ್ಪುವ ಪ್ರಮೇಯವಿಲ್ಲ. ಓದದೆ, ಸದ್ಯ ತೆರೆದಿರುವ ಟೈಮ್‌ಲೈನ್‌ನ ದರವನ್ನೋ, ಪ್ರಾಜೆಕ್ಟ್ ಸೃಷ್ಟಿಯಾದಾಗಿನ ದರವನ್ನೋ, ಇಲ್ಲವೇ ಬರಿಯ ಗಡಿಯಾರದ ಸೆಕೆಂಡನ್ನೋ ಹಿಡಿದು ಲೆಕ್ಕ ಹಾಕುವ ಸಾಫ್ಟ್‌ವೇರ್ ಮೇಲೆ ನನ್ನ ದೊಡ್ಡ ದೂರು ಅದು ತಪ್ಪುತ್ತದೆ ಎಂಬುದಲ್ಲ. ತಾನು ಯಾವ ದರವನ್ನು ಊಹಿಸಿಕೊಂಡೆ ಎಂಬುದನ್ನು ಅದು ಎಲ್ಲಿಯೂ ತೋರಿಸುವುದಿಲ್ಲ ಎಂಬುದು. ಧ್ವನಿ ಕ್ಲಿಪ್‌ನ ಪಕ್ಕದಲ್ಲಿ ದರವನ್ನು ನಮೂದಿಸುವ ಒಂದು ಕಾಲಂ ಇದ್ದಿದ್ದರೆ ನೀವು ಈ ಪ್ರಶ್ನೆಯನ್ನು ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

ನ್ಯಾಯವಾಗಿ ಹೇಳುವುದಾದರೆ ಈ ಕೊರತೆಯ ಬೇರು ಮಾನದಂಡದಲ್ಲಿಯೇ ಇದೆ. 1970ರ ದಶಕದಲ್ಲಿ ಸಿನಿಮಾ ಮತ್ತು ಟೆಲಿವಿಷನ್ ಎಂಜಿನಿಯರ್‌ಗಳ ಎಸ್‌ಎಂಪಿಟಿಇ ಸಂಸ್ಥೆ ರೂಪಿಸಿದ ಟೈಮ್‌ಕೋಡ್ ಸಂಕೇತದಲ್ಲಿ ಪ್ರತಿ ಫ್ರೇಮ್‌ಗೆ 80 ಬಿಟ್‌ಗಳಿವೆ. ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್‌ಗೆಂದು 26 ಬಿಟ್, ಬಳಕೆದಾರರ ಸ್ವಂತ ಮಾಹಿತಿಗೆಂದು 32 ಬಿಟ್, ಡ್ರಾಪ್ ಫ್ರೇಮ್ ಸೂಚಿಸಲು ಒಂದು ಬಿಟ್ ಇವೆ. ಫ್ರೇಮ್ ದರವನ್ನು ಹೇಳುವ ಬಿಟ್ ಇಲ್ಲ. ಟೇಪ್ ಓಡುತ್ತಿದ್ದ ಕಾಲದಲ್ಲಿ ಅದರ ಅಗತ್ಯ ಇರಲಿಲ್ಲ, ಏಕೆಂದರೆ ಯಂತ್ರದ ವೇಗವೇ ದರವನ್ನು ಹೇಳುತ್ತಿತ್ತು. ಫ್ರೇಮ್ ಸಂಖ್ಯೆಯ ಹತ್ತರ ಸ್ಥಾನಕ್ಕೆ ಎರಡೇ ಬಿಟ್ ಇರುವುದರಿಂದ 39ಕ್ಕಿಂತ ಮೇಲೆ ಎಣಿಸುವುದೇ ಸಾಧ್ಯವಿಲ್ಲ. ಸೆಕೆಂಡಿಗೆ 50 ಅಥವಾ 60 ಫ್ರೇಮ್ ಚಿತ್ರೀಕರಿಸಿದಾಗ ಎರಡು ಫ್ರೇಮ್‌ಗಳಿಗೆ ಒಂದೇ ಸಂಖ್ಯೆ ಕೊಟ್ಟು ಸಾಗಬೇಕಾದದ್ದು ಇದರಿಂದಲೇ.

ಸಾಫ್ಟ್‌ವೇರ್‌ಗಳ ಒಳಗಿನ ಲೆಕ್ಕ ಮಾತ್ರ ಈಗ ಅಚ್ಚುಕಟ್ಟಾಗಿದೆ. ಪ್ರೀಮಿಯರ್ ಪ್ರೊ ಒಂದು ಸೆಕೆಂಡನ್ನು 25,401.6 ಕೋಟಿ ಸಮಭಾಗಗಳಾಗಿ ಎಣಿಸುತ್ತದೆ. ಆ ಸಂಖ್ಯೆಯನ್ನು ಆರಿಸಿರುವ ರೀತಿಯಿಂದಾಗಿ 23.976ರ ಒಂದು ಫ್ರೇಮ್ ಕೂಡ ಶೇಷವಿಲ್ಲದೆ ಪೂರ್ಣಾಂಕವಾಗಿ ಬರುತ್ತದೆ. ಫೈನಲ್ ಕಟ್ ಪ್ರೊ ಹೊರಡಿಸುವ ಎಕ್ಸ್‌ಎಂಎಲ್ ಫೈಲ್‌ನಲ್ಲಿ ಕಾಲವು 1001/24000 ಸೆಕೆಂಡ್ ಎಂಬಂಥ ಭಿನ್ನರಾಶಿಯಾಗಿರುತ್ತದೆ. ಮನೆಯ ಒಳಗೆ ಎಲ್ಲವೂ ಕ್ರಮವಾಗಿದ್ದು, ಮುಂಬಾಗಿಲಲ್ಲಿ ಬರುವವರನ್ನೂ ಹಿತ್ತಿಲ ಬಾಗಿಲಲ್ಲಿ ಹೋಗುವವರನ್ನೂ ವಿಚಾರಿಸುವವರೇ ಇಲ್ಲದ ಸ್ಥಿತಿ ಇದು. ನೀವು ಹೇಳಿರುವ ಮೂರು ತೊಂದರೆಗಳಲ್ಲಿ ಎರಡು ಒಳಬರುವಾಗ ಆದವು, ಒಂದು ಹೊರಹೋಗುವಾಗ ಆದದ್ದು.

ಮೊದಲನೆಯದಕ್ಕೆ ಪರಿಹಾರ ಹೀಗೆ. ಬಿಡಬ್ಲ್ಯೂಎಫ್ ಮೆಟಾಎಡಿಟ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಒಂದು ಧ್ವನಿ ಫೈಲ್ ತೆರೆದು, ಮೇಲೆ ಹೇಳಿದ ಸ್ಯಾಂಪಲ್ ಸಂಖ್ಯೆಯನ್ನೂ ಐಎಕ್ಸ್‌ಎಂಎಲ್ ಭಾಗದಲ್ಲಿನ ದರವನ್ನೂ ನೋಡಿ ಖಚಿತಪಡಿಸಿಕೊಳ್ಳಿ. ನಂತರ ಹೊಸ ಪ್ರಾಜೆಕ್ಟ್ ತೆರೆದು, ಒಂದು ಫೈಲನ್ನೂ ಒಳಗೆ ತರುವ ಮೊದಲೇ ಅದರ ದರವನ್ನು 23.976 ಎಂದು ಇಡಿ. ಆಮೇಲಷ್ಟೇ ಧ್ವನಿಯನ್ನು ತನ್ನಿ. ದರವನ್ನು ಮೊದಲ ಫೈಲ್ ಬಂದ ಗಳಿಗೆಯಲ್ಲಿ ಕಟ್ಟಿಹಾಕುವ ಸಾಫ್ಟ್‌ವೇರ್‌ಗಳಿವೆ. ಡಾವಿಂಚಿ ರಿಸಾಲ್ವ್‌ನಲ್ಲಿ ಪ್ರಾಜೆಕ್ಟ್‌ನ ಟೈಮ್‌ಲೈನ್ ದರವನ್ನು ಸಾಮಗ್ರಿ ತುಂಬಿದ ಮೇಲೆ ಬದಲಿಸಲಾಗದು ಎಂಬುದು ಅದನ್ನು ಬಳಸುವವರಿಗೆಲ್ಲ ಗೊತ್ತಿರುವ ಸಂಗತಿ. ಹಳೆಯ ಪ್ರಾಜೆಕ್ಟ್‌ನ ಸೆಟ್ಟಿಂಗ್ ತಿದ್ದುತ್ತ ಕೂರುವುದಕ್ಕಿಂತ ಹೊಸದನ್ನು ತೆರೆಯುವುದು ಸುಲಭ.

ಹೀಗೆ ಮಾಡಿದರೂ 10:00:36 ಎಂದೇ ಕಂಡರೆ ನಿಮ್ಮ ಸಾಫ್ಟ್‌ವೇರ್ ದರವನ್ನು ಓದುತ್ತಲೇ ಇಲ್ಲ. ಆಗ ಫೈಲ್‌ನಲ್ಲಿರುವ ಸಂಖ್ಯೆಯನ್ನೇ 1001ಕ್ಕೆ 1000ದಂತೆ ತಗ್ಗಿಸಿ ಬರೆದುಬಿಡಬಹುದು ಎಂದು ಕೆಲವರು ಸೂಚಿಸುತ್ತಾರೆ. ಲೆಕ್ಕ ಸರಿಯೇ, ಆದರೆ ಆ ಫೈಲ್ ಮುಂದೆ ಸರಿಯಾಗಿ ಓದಬಲ್ಲ ಧ್ವನಿ ಸ್ಟುಡಿಯೊಗೆ ಹೋದಾಗ ಅಲ್ಲಿ 36 ಸೆಕೆಂಡ್ ಹಿಂದೆ ಬೀಳುತ್ತದೆ. ಮೂಲ ಫೈಲ್‌ಗಳನ್ನು ಮುಟ್ಟಬೇಡಿ. ಸಾಫ್ಟ್‌ವೇರ್ ಒಳಗೆ ಕ್ಲಿಪ್‌ನ ಆರಂಭದ ಟೈಮ್‌ಕೋಡನ್ನು ಬದಲಿಸುವ ಸೌಲಭ್ಯ ಬಳಸಿ, ತೋರಿಸುತ್ತಿರುವ ಸಮಯವನ್ನು ಸೆಕೆಂಡ್‌ಗಳಿಗೆ ತಿರುಗಿಸಿ 1.001ರಿಂದ ಭಾಗಿಸಿ ಬಂದದ್ದನ್ನು ನಮೂದಿಸಿ. ಆರಂಭದ ಬಿಂದು ಸರಿಯಾದರೆ ಕ್ಲಿಪ್‌ನ ಉದ್ದಕ್ಕೂ ಧ್ವನಿ ಮತ್ತು ಚಿತ್ರ ಕೂಡಿಯೇ ನಡೆಯುತ್ತವೆ, ಏಕೆಂದರೆ ತಪ್ಪಾಗಿರುವುದು ಮೊಹರು ಮಾತ್ರ. ಧ್ವನಿಯ ವೇಗದಲ್ಲಿ ಏನೂ ವ್ಯತ್ಯಾಸವಿಲ್ಲ.

ಮೂರನೆಯ ಕ್ಯಾಮೆರಾಗೆ ಟೈಮ್‌ಕೋಡ್ ಒಳಹರಿವಿನ ಕಿಂಡಿಯೇ ಇರಲಿಲ್ಲವೆಂದು ತೋರುತ್ತದೆ. ಪೆಟ್ಟಿಗೆಯನ್ನು ಮೈಕ್ ಕಿಂಡಿಗೆ ಸಿಕ್ಕಿಸಿರುತ್ತೀರಿ. ಹಾಗಿದ್ದರೆ ಟೈಮ್‌ಕೋಡ್ ಕಳೆದುಹೋಗಿಲ್ಲ, ಒಂದು ಧ್ವನಿ ಚಾನೆಲ್‌ನಲ್ಲಿ ಕರ್ಕಶ ಗುಂಯ್‌ಗುಡುವಿಕೆಯಾಗಿ ಕುಳಿತಿದೆ. ಆ ಚಾನೆಲನ್ನು ಒಮ್ಮೆ ಕೇಳಿ ನೋಡಿ. ಸೆಕೆಂಡಿಗೆ ಎರಡು ಸಾವಿರದಷ್ಟು ಬಿಟ್‌ಗಳನ್ನು ಹೊತ್ತ ಈ ಸಂಕೇತವನ್ನು ಸಾಮಾನ್ಯ ಧ್ವನಿಯಂತೆಯೇ ದಾಖಲಿಸಲು ಬರುವುದರಿಂದ ಈ ಪದ್ಧತಿ ಬಳಕೆಗೆ ಬಂತು. ಆದರೆ ಅದನ್ನು ಮತ್ತೆ ಸಂಖ್ಯೆಗೆ ತಿರುಗಿಸುವ ಕೆಲಸ ಸಾಫ್ಟ್‌ವೇರ್‌ನದು, ಮತ್ತು ಎಲ್ಲ ಸಾಫ್ಟ್‌ವೇರ್‌ಗಳೂ ಅದನ್ನು ಮಾಡುವುದಿಲ್ಲ. ಅವಿಡ್ ಮೀಡಿಯಾ ಕಂಪೋಸರ್‌ನಲ್ಲಿಯೂ ರಿಸಾಲ್ವ್‌ನಲ್ಲಿಯೂ ಧ್ವನಿ ಟ್ರ್ಯಾಕ್‌ನಿಂದ ಟೈಮ್‌ಕೋಡ್ ಓದಿಕೊಳ್ಳುವ ಆಜ್ಞೆ ಇದೆ. ಇಲ್ಲದ ಕಡೆ, ಟೈಮ್‌ಕೋಡ್ ಪೆಟ್ಟಿಗೆ ತಯಾರಕರು ಕೊಡುವ ಸಣ್ಣ ಸಾಫ್ಟ್‌ವೇರ್‌ಗಳು ಈ ಕೆಲಸ ಮಾಡಿಕೊಡುತ್ತವೆ.

ಇಲ್ಲಿ ಮೂರು ಎಚ್ಚರಿಕೆಗಳಿವೆ. ಕ್ಯಾಮೆರಾದ ಸ್ವಯಂಚಾಲಿತ ಧ್ವನಿ ಮಟ್ಟದ ನಿಯಂತ್ರಣ ಚಾಲೂ ಇದ್ದು ಸಂಕೇತ ಜಜ್ಜಿಹೋಗಿದ್ದರೆ ಓದುವಿಕೆ ವಿಫಲವಾಗಬಹುದು. ಜೊತೆಗೆ ಸಣ್ಣ ಕ್ಯಾಮೆರಾಗಳು ತಮ್ಮೊಳಗೆ ಧ್ವನಿಯನ್ನೂ ಚಿತ್ರವನ್ನೂ ಒಂದೇ ವೇಗದಲ್ಲಿ ಸಂಸ್ಕರಿಸದಿರುವುದರಿಂದ ಒಂದು ಫ್ರೇಮ್ ಆಚೀಚೆ ಆಗಿರುವುದೂ ಉಂಟು. ಒಂದು ಚಪ್ಪಾಳೆಯ ಶಾಟ್ ಇಟ್ಟು ಪರೀಕ್ಷಿಸಿ. ಅಂತರ ಎಲ್ಲ ಕ್ಲಿಪ್‌ಗಳಲ್ಲಿಯೂ ಒಂದೇ ಆಗಿರುತ್ತದೆ, ಒಟ್ಟಿಗೆ ತಿದ್ದಬಹುದು. ಇವುಗಳಿಗಿಂತ ದೊಡ್ಡ ಅಪಾಯ ಮೂರನೆಯದು: ಹೀಗೆ ಓದಿಕೊಂಡ ಟೈಮ್‌ಕೋಡ್ ಸಾಮಾನ್ಯವಾಗಿ ಪ್ರಾಜೆಕ್ಟ್‌ನಲ್ಲಿ ಮಾತ್ರ ಉಳಿಯುತ್ತದೆ, ಫೈಲ್‌ಗೆ ಇಳಿಯುವುದಿಲ್ಲ. ಅದೇ ಕ್ಲಿಪ್ಪನ್ನು ಬೇರೊಂದು ಸಾಫ್ಟ್‌ವೇರ್‌ನಲ್ಲಿ ತೆರೆದರೆ ಮತ್ತೆ ಸೊನ್ನೆ. ನಿಮ್ಮ ಚಿತ್ರ ಬಣ್ಣ ತಿದ್ದುವವರ ಕೈಗೂ ಹೋಗಲಿದೆಯಾದರೆ, ಓದಿದ ಟೈಮ್‌ಕೋಡನ್ನು ಫೈಲ್‌ನ ಪ್ರತಿಯೊಂದಕ್ಕೆ ಶಾಶ್ವತವಾಗಿ ಬರೆದು ಆ ಪ್ರತಿಯನ್ನೇ ಮೂಲವೆಂದು ಬಳಸಿರಿ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಲಕರಣೆಯಲ್ಲಿ ಚಿತ್ರವನ್ನು ಮರುಸಂಕುಚಿಸದೆ, ಎಂಒವಿ (ಕ್ವಿಕ್‌ಟೈಮ್) ಹೊದಿಕೆಗೆ ಬದಲಿಸುತ್ತ ಆರಂಭದ ಟೈಮ್‌ಕೋಡ್ ಕೊಡಲು ಆಯ್ಕೆಯಿದೆ. ಕ್ವಿಕ್‌ಟೈಮ್ ಹೊದಿಕೆಯಲ್ಲಿ ಟೈಮ್‌ಕೋಡಿಗೆಂದೇ ಪ್ರತ್ಯೇಕ ಟ್ರ್ಯಾಕ್ ಇರುವುದರಿಂದ ಪ್ರಾಕ್ಸಿಗಳಿಗೂ (ಸಂಕಲನಕ್ಕೆಂದು ಮಾಡಿಕೊಳ್ಳುವ ಹಗುರ ಪ್ರತಿಗಳು) ಎಂಪಿ4ಗಿಂತ ಅದೇ ಕ್ಷೇಮ.

ಸೊನ್ನೆಯಿಂದ ಆರಂಭವಾಗುವ ಕ್ಲಿಪ್‌ಗಳು ತರುವ ಇನ್ನೊಂದು ಕಿರುಕುಳ ಮರುಜೋಡಣೆಯದು. ಪ್ರಾಕ್ಸಿ ತೆಗೆದು ಮೂಲ ಫೈಲ್ ಜೋಡಿಸುವಾಗ ಸಾಫ್ಟ್‌ವೇರ್ ಹೆಸರು ಮತ್ತು ಟೈಮ್‌ಕೋಡ್ ಎರಡನ್ನೂ ನೋಡುತ್ತದೆ. ಸಣ್ಣ ಕ್ಯಾಮೆರಾಗಳು ಪ್ರತಿ ಹೊಸ ಕಾರ್ಡ್‌ನಲ್ಲಿ ಹೆಸರನ್ನೂ ಮೊದಲಿನಿಂದ ಎಣಿಸಲು ತೊಡಗಿದರೆ, ಒಂದೇ ಹೆಸರಿನ, ಒಂದೇ ಆರಂಭದ ಹಲವು ಕ್ಲಿಪ್‌ಗಳಲ್ಲಿ ಯಾವುದು ಬೇಕೆಂದು ತಿಳಿಯುವ ದಾರಿಯೇ ಉಳಿಯುವುದಿಲ್ಲ. ಟೇಪ್ ಕಾಲದ ರೀಲ್ ಹೆಸರು ಎಂಬ ಕಾಲಂ ಇಂದಿಗೂ ಉಳಿದಿರುವುದು ಇದೇ ಕಾರಣಕ್ಕೆ. ಪ್ರತಿ ಕಾರ್ಡ್‌ಗೂ ಒಂದೊಂದು ರೀಲ್ ಹೆಸರು ಕೊಟ್ಟುಕೊಂಡು, ಸಾಧ್ಯವಾದರೆ ಫೈಲ್ ಹೆಸರಿನ ಮುಂದೆಯೂ ಅದನ್ನು ಸೇರಿಸಿ. ಮರುನಾಮಕರಣವನ್ನು ಸಂಕಲನ ಆರಂಭಿಸುವ ಮೊದಲು ಮಾಡಬೇಕು. ನಡುವೆ ಮಾಡಿದರೆ ಇರುವ ಕೊಂಡಿಯೂ ಕಡಿಯುತ್ತದೆ.

ಈಗ ಕೊನೆಯ ದೂರು. ಒಂದೂವರೆ ಗಂಟೆಗೆ, ಗಂಟೆಗೆ 3.6 ಸೆಕೆಂಡಿನಂತೆ, 5.4 ಸೆಕೆಂಡ್ ಆಗುತ್ತದೆ. ಧ್ವನಿ ಮಿಶ್ರಣದವರು ಹೇಳಿದ ಐದು ಸೆಕೆಂಡಿಗೂ ಇದಕ್ಕೂ ತಾಳೆಯಾಗುವುದರಿಂದ, ಅವರ ಸೆಷನ್ 23.976ರ ಬದಲು 24ರಲ್ಲಿ ತೆರೆದುಕೊಂಡಿದೆ ಎಂದೇ ನಾನು ಭಾವಿಸುತ್ತೇನೆ. ನೀವು ಕಳುಹಿಸಿದ್ದು ಸಿಎಂಎಕ್ಸ್ 3600 ಮಾದರಿಯ ಇಡಿಎಲ್ (ಸಂಕಲನದ ಕಟ್‌ಗಳ ಪಟ್ಟಿ) ಆಗಿದ್ದರೆ ಅವರನ್ನು ದೂರುವಂತೆಯೂ ಇಲ್ಲ. ಆ ಪಠ್ಯ ಫೈಲ್‌ನ ಮೇಲ್ಭಾಗದಲ್ಲಿ ಡ್ರಾಪ್ ಅಥವಾ ನಾನ್ ಡ್ರಾಪ್ ಎಂಬ ಸೂಚನೆ ಮಾತ್ರ ಇರುತ್ತದೆ. 24, 25, 30ರಲ್ಲಿ ಯಾವುದು ಎಂದು ಎಲ್ಲಿಯೂ ಬರೆದಿರುವುದಿಲ್ಲ. 23.976 ಮತ್ತು 24 ಎರಡರಲ್ಲಿಯೂ ಫ್ರೇಮ್‌ಗಳು 00ರಿಂದ 23ರವರೆಗೇ ಎಣಿಕೆಯಾಗುವುದರಿಂದ ಓದಿ ಗುರುತಿಸಲೂ ಬಾರದು. ಟೈಮ್‌ಲೈನನ್ನು ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಸಾಗಿಸುವ ಎಎಎಫ್ ಫೈಲ್‌ನಲ್ಲಿ ದರ ದಾಖಲಾಗಿರುತ್ತದೆ, ಆದ್ದರಿಂದ ಧ್ವನಿಗೆ ಅದನ್ನೇ ಕಳುಹಿಸಿ. ಇಡಿಎಲ್ ಕೇಳಿದರೆ ದರವನ್ನು ಫೈಲ್ ಹೆಸರಿನಲ್ಲಿಯೇ ಸೇರಿಸಿ, ಪತ್ರದಲ್ಲಿಯೂ ಬರೆಯಿರಿ. ಬರೆಯುವಾಗ ‘24’ ಎಂದು ಚಿಕ್ಕದಾಗಿ ಹೇಳುವ ಅಭ್ಯಾಸವನ್ನು ಬಿಡಬೇಕು. ಚಿತ್ರೀಕರಣದ ಸ್ಥಳದಲ್ಲಿ ಎಲ್ಲರೂ 23.976ಕ್ಕೆ ‘24’ ಎನ್ನುತ್ತಾರೆ, ಅಲ್ಲಿಂದಲೇ ಅನರ್ಥ ಶುರುವಾಗುತ್ತದೆ.

ಇದಕ್ಕೆ ಹಳೆಯದಾದರೂ ಎಂದೂ ಕೈಕೊಡದ ಒಂದು ತಪಾಸಣೆಯಿದೆ. ನಿಮ್ಮ ಟೈಮ್‌ಲೈನನ್ನು ಸೊನ್ನೆಯಿಂದ ಆರಂಭಿಸದೆ, ಚಿತ್ರದ ಮೊದಲ ಫ್ರೇಮ್ 01:00:00:00ಕ್ಕೆ ಬರುವಂತೆ ಇಟ್ಟುಕೊಳ್ಳಿ. ಅದಕ್ಕೆ ಎರಡು ಸೆಕೆಂಡ್ ಮೊದಲು, 00:59:58:00ರಲ್ಲಿ, ಒಂದೇ ಒಂದು ಫ್ರೇಮ್‌ನಷ್ಟು ಉದ್ದದ 1000 ಹರ್ಟ್ಸ್ ಸದ್ದನ್ನು ಇಡಿ. ಚಿತ್ರ ಮುಗಿದು ಎರಡು ಸೆಕೆಂಡ್ ಆದ ಮೇಲೂ ಅಂಥದೇ ಒಂದು ಸದ್ದು ಇರಲಿ. ಟೈಮ್‌ಕೋಡನ್ನು ಚಿತ್ರದ ಮೇಲೆಯೇ ಅಚ್ಚೊತ್ತಿದ ಒಂದು ಪ್ರತಿಯನ್ನು ಜೊತೆಗೆ ಕಳುಹಿಸಿದರೆ, ಮಿಶ್ರಣದವರು ಎರಡು ಸದ್ದುಗಳನ್ನು ಚಿತ್ರದೊಂದಿಗೆ ಹೋಲಿಸಿ ದರದ ತಪ್ಪನ್ನು ಕೆಲಸ ಆರಂಭಿಸುವ ಮೊದಲೇ ಹಿಡಿಯುತ್ತಾರೆ. ಮೊದಲ ಸದ್ದು ಸೇರಿ ಕೊನೆಯದು ಸೇರದಿದ್ದರೆ ತಪ್ಪು ದರದಲ್ಲಿದೆ. ಎರಡೂ ಒಂದೇ ಅಳತೆಯಲ್ಲಿ ಸರಿದಿದ್ದರೆ ತಪ್ಪು ಆರಂಭದ ಬಿಂದುವಿನಲ್ಲಿದೆ.

ನೀವು ಕೈಯಿಂದ ಹೊಂದಿಸಿದೆ ಎಂದಿರುವುದರಿಂದ ಒಂದು ಸಂದೇಹ ಉಳಿಯುತ್ತದೆ. ಚಿತ್ರ ಮತ್ತು ಧ್ವನಿಯನ್ನು ಸೇರಿಸಿ ಹೊಸ ಕ್ಲಿಪ್ ಮಾಡಿದಾಗ ಕೆಲವು ಸಾಫ್ಟ್‌ವೇರ್‌ಗಳು ಚಿತ್ರದ ಟೈಮ್‌ಕೋಡನ್ನು ಮಾತ್ರ ಉಳಿಸಿಕೊಂಡು ಧ್ವನಿಯದನ್ನು ಕೈಬಿಡುತ್ತವೆ. ಹಾಗಾಗಿದ್ದರೆ ಮಿಶ್ರಣದವರು ರೆಕಾರ್ಡರ್‌ನ ಬಹು ಚಾನೆಲ್‌ಗಳ ಮೂಲ ಫೈಲ್‌ಗೆ ಮರಳಲಾರರು, ನೀವು ಕೊಟ್ಟ ಮಿಶ್ರ ಟ್ರ್ಯಾಕ್‌ನಲ್ಲಿಯೇ ಕೆಲಸ ಮಾಡಬೇಕಾಗುತ್ತದೆ. ಅವಿಡ್‌ನಲ್ಲಿ ಮೂಲ ಟೈಮ್‌ಕೋಡನ್ನು ಬದಿಯ ಬೇರೆ ಕಾಲಂಗಳಲ್ಲಿ ಕಾಪಾಡಿಡಲು ಅವಕಾಶವಿದೆ. ನಿಮ್ಮದರಲ್ಲಿ ಏನಾಗುತ್ತದೆ ಎಂಬುದನ್ನು ಒಂದು ನಿಮಿಷದ ಟೈಮ್‌ಲೈನ್ ಮಾಡಿ, ಎಎಎಫ್ ಹೊರತೆಗೆದು, ಮಿಶ್ರಣದವರಿಗೆ ಕಳುಹಿಸಿ ಇಂದೇ ಕೇಳಿಕೊಳ್ಳಿ.

ಬೇರೆ ಸಾಫ್ಟ್‌ವೇರ್‌ಗೆ ಹೋಗಬೇಕೇ ಎಂಬುದಕ್ಕೆ ನನ್ನ ಉತ್ತರ: ಈ ಚಿತ್ರದ ನಡುವೆ ಬೇಡ. ಸಂಕಲನ ಮುಗಿದ ಟೈಮ್‌ಲೈನನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುವಾಗ ಇದೇ ಬಗೆಯ ತಪ್ಪುಗಳು ಮತ್ತೆ ಹುಟ್ಟುತ್ತವೆ, ಮತ್ತು ಆಗ ಎಲ್ಲಿ ಹುಟ್ಟಿದವು ಎಂದು ಹೇಳುವುದು ಇನ್ನೂ ಕಷ್ಟ. ಧ್ವನಿ ಫೈಲ್‌ಗಳ ಆರಂಭವನ್ನು ತಿದ್ದುವುದು, ಮೂರನೆಯ ಕ್ಯಾಮೆರಾದ ಟೈಮ್‌ಕೋಡ್ ಬಿಡಿಸುವುದು, 23.976 ಎಂದು ಬರೆದ ಎಎಎಫ್ ಕಳುಹಿಸುವುದು, ಇವಿಷ್ಟೂ ಈಗಿರುವ ಸಾಫ್ಟ್‌ವೇರ್‌ನಲ್ಲಿಯೇ ಅಥವಾ ಅದರ ಜೊತೆಗೆ ಉಚಿತ ಸಲಕರಣೆಗಳನ್ನು ಬಳಸಿ ಆಗುವ ಕೆಲಸ. ಮುಂದಿನ ಚಿತ್ರಕ್ಕೆ ಆಯ್ಕೆ ಮಾಡುವಾಗ ಪ್ರಚಾರದ ಪಟ್ಟಿಯನ್ನು ನೋಡದೆ, ನಿಮ್ಮದೇ ರೆಕಾರ್ಡರ್‌ನ ಒಂದು ಸಂಜೆಯ ಫೈಲನ್ನು ಪ್ರಾಯೋಗಿಕ ಪ್ರತಿಯಲ್ಲಿ ತೆರೆದು ನೋಡಿ. ಬೆಳಗಿನ ಫೈಲ್ ಬೇಡ: ಅರ್ಧರಾತ್ರಿ ಕಳೆದು ಹತ್ತು ನಿಮಿಷಕ್ಕೆ ದಾಖಲಾದ ಧ್ವನಿಯಲ್ಲಿ ತಪ್ಪು ದರದ ವ್ಯತ್ಯಾಸ 0.6 ಸೆಕೆಂಡ್ ಮಾತ್ರ, ಸಂಜೆ ಆರರದರಲ್ಲಿ ಒಂದು ನಿಮಿಷಕ್ಕೂ ಮೀರಿ ಎದ್ದು ಕಾಣುತ್ತದೆ.